ಚುಕ್ಕೆ ಕತ್ತೆಕಿರುಬದ ಯಜಮಾನಿಕೆ: ಹೋಂಸ್ಟೇಯೊಂದರ ಸಂಜೆ ಉಪನ್ಯಾಸ

ಸಾಗರದ ಬಳಿಯ ಹೋಂಸ್ಟೇಯೊಂದು ಅತಿಥಿಗಳಿಗಾಗಿ ಏರ್ಪಡಿಸುವ ವನ್ಯಜೀವಿ ಉಪನ್ಯಾಸಗಳಲ್ಲಿ ಆಫ್ರಿಕಾದ ಚುಕ್ಕೆ ಕತ್ತೆಕಿರುಬವನ್ನು ಕುರಿತದ್ದು ಕೊಟ್ಟ ಹಣಕ್ಕೆ ಮೋಸ ಮಾಡುವುದಿಲ್ಲ.

ನಮ್ಮ ದೇಶದ ಪಟ್ಟೆ ಕತ್ತೆಕಿರುಬ ಬಹುಮಟ್ಟಿಗೆ ಒಂಟಿಯಾಗಿ ಆಹಾರ ಅರಸಿದರೆ, ಚುಕ್ಕೆಯದು 80ಕ್ಕೂ ಮೀರಿ ಬೆಳೆಯಬಲ್ಲ ಗುಂಪು. ಅಲ್ಲಿ ಹೆಣ್ಣುಗಳದೇ ಯಜಮಾನಿಕೆ. ಮರಿಯು ತಾಯಿಯ ನೇರ ಕೆಳಗಿನ ಸ್ಥಾನವನ್ನು ಪಡೆಯುವುದು ಮೈಬಲದಿಂದಲ್ಲ, ಜಗಳದಲ್ಲಿ ತಾಯಿಯೂ ಬಂಧುಗಳೂ ಬೆನ್ನಿಗೆ ನಿಲ್ಲುವುದರಿಂದ. ಪ್ರಾಯಕ್ಕೆ ಬಂದ ಗಂಡುಗಳಲ್ಲಿ ಹೆಚ್ಚಿನವು ಬೇರೆ ಗುಂಪನ್ನು ಸೇರಿ, ಬೆಂಬಲಿಗರಿಲ್ಲದೆ ಕಟ್ಟಕಡೆಯ ಸ್ಥಾನದಿಂದ ಬದುಕು ಆರಂಭಿಸುತ್ತವೆ. (ಮನೆಅಳಿಯನ ಪಾಡು ಎಂದು ಹಿಂದಿನ ಸಾಲಿನಿಂದ ಯಾರೋ ಗೊಣಗಿದರು.)

ಯಾರು ಯಾರ ಕಡೆಯವರೆಂದು ನೆನಪಿಡಬೇಕಾದ ಈ ಒತ್ತಡವೇ ಮಿದುಳಿನ ವಿಕಾಸಕ್ಕೂ ಕಾರಣವಾಗಿರಬಹುದೆಂಬ ವಾದವನ್ನು, ಪ್ರಾಣಿವಿಜ್ಞಾನಿ ಕೇ ಹೋಲ್‌ಕ್ಯಾಂಪ್ ಕೆನ್ಯಾದ ಮಸಾಯಿ ಮಾರಾದಲ್ಲಿ 1988ರಿಂದ ನಡೆಸಿಕೊಂಡು ಬಂದ ಅಧ್ಯಯನದ ಆಧಾರದಲ್ಲಿ, ಉಪನ್ಯಾಸಕರು ಅವಸರವಿಲ್ಲದೆ ವಿವರಿಸಿದರು. ಕತ್ತೆಕಿರುಬದ ನಾಲ್ಕು ಪ್ರಭೇದಗಳ ಪೈಕಿ ಮಿದುಳಿನ ಮುಂಭಾಗವು ಪ್ರಮಾಣದಲ್ಲಿ ಇದರಲ್ಲೇ ದೊಡ್ಡದು. ಹೆಣ್ಣಿನ ಗಂಡುಹೋಲಿಕೆಯ ಜನನಾಂಗದ ವಿಷಯವನ್ನು ಮಾತ್ರ ಸಂಕೋಚದಿಂದ ಒಂದೇ ಸ್ಲೈಡಿನಲ್ಲಿ ಮುಗಿಸಿದ್ದು ಕೊರತೆ. ಅದರ ಮೂಲಕವೇ ಹೆರಿಗೆಯೂ ಆಗುವುದರಿಂದ ಚೊಚ್ಚಲ ಹೆರಿಗೆ ಅಪಾಯಕಾರಿ ಎಂಬುದನ್ನು ಹೇಳಲೇಬೇಕಿತ್ತು. ಕಷಾಯ ಚೆನ್ನಾಗಿತ್ತು. ಮಕ್ಕಳನ್ನು ಕರೆದೊಯ್ಯುವವರು ಮುಂದಿನ ಸಾಲು ಹಿಡಿಯುವುದು ಒಳ್ಳೆಯದು, ಏಕೆಂದರೆ ಮಳೆ ಹೆಂಚಿಗೆ ಬಡಿಯತೊಡಗಿದರೆ ಹಿಂದೆ ಏನೂ ಕೇಳಿಸುವುದಿಲ್ಲ.