ಮಲ್ಲೇಶ್ವರದ ಭಾನುವಾರದ ಅನಾಲಿಸಿಸ್ ತರಗತಿ

ಎಂ.ಎಸ್ಸಿ. ಗಣಿತದ ಮೊದಲ ಸೆಮಿಸ್ಟರ್‌ನಲ್ಲಿ ಕಾಂಪ್ಯಾಕ್ಟ್‌ನೆಸ್ ತಲೆಗೆ ಹತ್ತದೆ ತೊಳಲಾಡುತ್ತಿದ್ದ ನಾನು, ಮಲ್ಲೇಶ್ವರದ ಹಳೆಯ ಮನೆಯೊಂದರ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ನಡೆಯುವ ಅನಾಲಿಸಿಸ್ ತರಗತಿಗೆ ಆರು ವಾರ ಹೋಗಿಬಂದೆ. ಕೊಟ್ಟ ಶುಲ್ಕಕ್ಕೆ ತಕ್ಕ ಪಾಠ ಸಿಕ್ಕಿತೇ ಎಂದು ಕೇಳುವವರಿಗೆ, ಒಂದು ಕೊರತೆಯ ಹೊರತು, ಖಂಡಿತ ಸಿಕ್ಕಿತು ಎನ್ನುತ್ತೇನೆ.

ಸೆಟ್ ಕಾಂಪ್ಯಾಕ್ಟ್ ಎನಿಸಲು ಅದರ ಪ್ರತಿಯೊಂದು ಓಪನ್ ಕವರ್‌ಗೂ (ಅದನ್ನು ಮುಚ್ಚುವ ಓಪನ್ ಸೆಟ್‌ಗಳ ಗುಂಪಿಗೂ) ಫೈನೈಟ್ ಸಬ್‌ಕವರ್ (ಮುಚ್ಚಲು ಸಾಕಾಗುವಂತೆ ಆ ಗುಂಪಿನಿಂದಲೇ ಆರಿಸಿದ ಫೈನೈಟ್ ಸಂಖ್ಯೆಯ ಸೆಟ್‌ಗಳು) ಇರಬೇಕೆಂಬ ವ್ಯಾಖ್ಯೆಯನ್ನು ನಾವೆಲ್ಲ ಬಾಯಿಪಾಠ ಮಾಡಿದ್ದೆವು. ಆದರೆ ಸೆಟ್ ಕ್ಲೋಸ್ಡ್ (ತನ್ನ ಅಂಚಿನ ಬಿಂದುಗಳನ್ನೂ ಒಳಗೊಂಡದ್ದು) ಮತ್ತು ಬೌಂಡೆಡ್ (ಒಂದು ಮಿತಿಯೊಳಗೆ ಅಡಗಿದ್ದು) ಆಗಿದ್ದರೆ ಸಾಕೆಂದು ಕಣ್ಣುಮುಚ್ಚಿ ಬರೆಯುತ್ತಿದ್ದೆವು. ಹೈನೆ–ಬೋರೆಲ್ ಪ್ರಮೇಯದ ಆ ಮಾತು ಯೂಕ್ಲಿಡಿಯನ್ ಸ್ಪೇಸ್‌ನಲ್ಲಿ (ರೇಖೆ, ಸಮತಲ ಮೊದಲಾದವುಗಳಲ್ಲಿ) ನಿಜ, ಎಲ್ಲ ಮೆಟ್ರಿಕ್ ಸ್ಪೇಸ್‌ಗಳಲ್ಲಿ (ಬಿಂದುಗಳ ನಡುವೆ ದೂರ ಅಳೆಯಬಹುದಾದ ಸೆಟ್‌ಗಳಲ್ಲಿ) ಅಲ್ಲ ಎಂಬುದನ್ನು ತೋರಿಸಲು ಮೇಷ್ಟ್ರು ಎರಡನೆಯ ವಾರದ ಇಡೀ ತರಗತಿಯನ್ನು ಒಂದೇ ಉದಾಹರಣೆಗೆ ಮೀಸಲಿಟ್ಟರು. ಎಲ್-ಟೂ ಸ್ಪೇಸ್‌ನ (ವರ್ಗಗಳ ಮೊತ್ತ ಫೈನೈಟ್ ಆಗಿರುವ, ಕೊನೆಯಿಲ್ಲದ ಸಂಖ್ಯಾಸಾಲುಗಳೇ ಇದರ ಬಿಂದುಗಳು) ಯೂನಿಟ್ ಬಾಲ್ (ಸೊನ್ನೆಯಿಂದ 1 ಅಥವಾ ಅದಕ್ಕಿಂತ ಕಡಿಮೆ ದೂರದಲ್ಲಿರುವ ಬಿಂದುಗಳು) ತೆಗೆದುಕೊಂಡು, ಒಂದು ಸ್ಥಾನದಲ್ಲಿ ಮಾತ್ರ 1, ಉಳಿದೆಡೆ 0 ಇರುವ ಬಿಂದುಗಳನ್ನು ಒಂದರ ಕೆಳಗೊಂದು ಹಲಗೆಯ ಮೇಲೆ ಬರೆದು, ಯಾವ ಎರಡನ್ನು ಆರಿಸಿದರೂ ಅವುಗಳ ನಡುವಿನ ದೂರ √2 ಎಂದು ನಮ್ಮಿಂದಲೇ ಲೆಕ್ಕ ಹಾಕಿಸಿದರು. ಇಷ್ಟು ದೂರ ದೂರ ನಿಂತ ಬಿಂದುಗಳ ಸೀಕ್ವೆನ್ಸ್‌ನಿಂದ ಕನ್ವರ್ಜ್ ಆಗುವ (ಒಂದೇ ಬಿಂದುವಿಗೆ ಸಮೀಪಿಸುತ್ತ ಹೋಗುವ) ಸಬ್‌ಸೀಕ್ವೆನ್ಸ್ ಹುಟ್ಟುವಂತಿಲ್ಲ; ಕಾಂಪ್ಯಾಕ್ಟ್ ಸೆಟ್‌ನಲ್ಲಾದರೆ ಅದು ಇರಲೇಬೇಕು. 1/2 ತ್ರಿಜ್ಯದ ಒಂದು ಬಾಲ್‌ನೊಳಗೆ ಇಂಥ ಎರಡು ಬಿಂದುಗಳು ಹಿಡಿಸುವುದಿಲ್ಲವಾದ್ದರಿಂದ, ಅಂಥ ಎಷ್ಟೇ ಬಾಲ್‌ಗಳನ್ನು ತಂದರೂ, ಅವುಗಳ ಸಂಖ್ಯೆ ಫೈನೈಟ್ ಆಗಿರುವವರೆಗೆ ಎಲ್ಲವನ್ನೂ ಮುಚ್ಚಲಾಗದು. ಬೌಂಡೆಡ್ ಸಾಲದು, ಟೋಟಲಿ ಬೌಂಡೆಡ್ (ಎಷ್ಟೇ ಸಣ್ಣ ತ್ರಿಜ್ಯದ ಬಾಲ್‌ಗಳನ್ನು ತಂದರೂ ಫೈನೈಟ್ ಸಂಖ್ಯೆಯಲ್ಲೇ ಮುಚ್ಚಬಹುದಾದದ್ದು) ಆಗಬೇಕು. ಕ್ಲೋಸ್ಡ್ ಸಾಲದು, ಕಂಪ್ಲೀಟ್ (ಒಂದಕ್ಕೊಂದು ಹತ್ತಿರವಾಗುತ್ತ ಹೋಗುವ ಬಿಂದುಗಳ ಸೀಕ್ವೆನ್ಸ್‌ಗೆ ತನ್ನೊಳಗೇ ಗುರಿಬಿಂದು ಇರುವಂಥದ್ದು) ಆಗಬೇಕು ಎಂಬುದು ನನಗೆ ಮನದಟ್ಟಾದದ್ದು ಆ ಬೆಳಿಗ್ಗೆಯೇ. ಈ ಎರಡೂ ಕೂಡಿದರೆ ಕಾಂಪ್ಯಾಕ್ಟ್ ಎಂಬ ಪ್ರಮೇಯದ ಸಾಧನೆಯನ್ನು ಮುಂದಿನ ವಾರ ಒಂದು ಸಾಲನ್ನೂ ಬಿಡದೆ ಬರೆಸಿದರು. ಪಾಠವೆಲ್ಲ ಕನ್ನಡದಲ್ಲೇ ನಡೆಯುತ್ತದೆ, ಪಾರಿಭಾಷಿಕ ಪದಗಳು ಮಾತ್ರ ಇಂಗ್ಲಿಷ್‌ನವು; ಕನ್ನಡ ಮಾಧ್ಯಮದಿಂದ ಬಂದ ನನಗೆ ಇದು ಸಣ್ಣ ಅನುಕೂಲವಾಗಿರಲಿಲ್ಲ.

ಕೊರತೆ ಕಂಡದ್ದು ಕೊನೆಯ ವಾರ. 1906ರ ತಮ್ಮ ಪ್ರಬಂಧದಲ್ಲಿ ಫ್ರೆಂಚ್ ಗಣಿತಜ್ಞ ಮೊರಿಸ್ ಫ್ರೆಶೆ ಮೆಟ್ರಿಕ್ ಸ್ಪೇಸ್‌ನ ಕಲ್ಪನೆಯನ್ನು ಮಂಡಿಸಿದಾಗ, ಫಂಕ್ಷನ್‌ಗಳನ್ನೂ ಬಿಂದುಗಳಂತೆ ಕಾಣುವುದು ಅವರ ಮುಖ್ಯ ಆಸಕ್ತಿಯಾಗಿತ್ತು. ಹಾಗಿರುವಾಗ, ಫಂಕ್ಷನ್‌ಗಳ ಸೆಟ್ ಯಾವಾಗ ಕಾಂಪ್ಯಾಕ್ಟ್ ಎಂದು ಹೇಳುವ ಅರ್ಜೆಲಾ–ಅಸ್ಕೋಲಿ ಪ್ರಮೇಯವನ್ನು ಕೊನೆಯ ಅರ್ಧ ಗಂಟೆಯಲ್ಲಿ ತುರುಕಿ, ಅದಕ್ಕೆ ಬೇಕಾದ ಈಕ್ವಿಕಂಟಿನ್ಯುಯಿಟಿಗೆ (ಸೆಟ್‌ನ ಎಲ್ಲ ಫಂಕ್ಷನ್‌ಗಳೂ ಒಂದೇ ಅಳತೆಯಲ್ಲಿ ಕಂಟಿನ್ಯುಯಸ್ ಆಗಿರುವ ಗುಣಕ್ಕೆ) ಒಂದು ಉದಾಹರಣೆಯನ್ನೂ ಕೊಡದೆ ಮುಗಿಸಿದ್ದು ನನಗೆ ನಿಜಕ್ಕೂ ಬೇಸರ ತಂದಿತು. ಇದನ್ನು ಮೇಷ್ಟ್ರಿಗೂ ಹೇಳಿದ್ದೇನೆ. ಮುಂದಿನ ತಂಡಕ್ಕೆ ಏಳನೆಯ ವಾರವೊಂದನ್ನು ಸೇರಿಸಿದರೆ ಅದೊಂದಕ್ಕಾಗಿಯೇ ಮತ್ತೆ ಹಣ ಕಟ್ಟಲು ನಾನು ಸಿದ್ಧ.