ಚೌಬಾರಾ ಸಮೀಪದ ಬಿದರಿ ಅಂಗಡಿಯಲ್ಲಿ ಮಾಡಿಸಿದ ಡಬ್ಬಿ

ಪುಸ್ತಕಗಳಿಗೆ ಮುಖಪುಟ ರಚಿಸುವುದು ನನ್ನ ಕಸುಬು. ಕಲಬುರಗಿಯಲ್ಲಿ ಅದೇ ಕಸುಬಿನಲ್ಲಿರುವ ಗೆಳತಿಯೊಬ್ಬಳು ಹನ್ನೊಂದು ವರ್ಷಗಳಿಂದ ನನ್ನ ಕರಡು ಚಿತ್ರಗಳನ್ನು ಅಚ್ಚಿಗೆ ಹೋಗುವ ಮೊದಲು ನೋಡಿ, ತಪ್ಪಿದ್ದಲ್ಲಿ ಮುಚ್ಚುಮರೆಯಿಲ್ಲದೆ ಹೇಳುತ್ತ ಬಂದಿದ್ದಾಳೆ. ಅವಳ ಮೊದಲ ಚಿತ್ರಪ್ರದರ್ಶನಕ್ಕೆ ಉಡುಗೊರೆ ಕೊಡಲೆಂದು ಬೀದರಿನ ಹಳೆಯ ಕಾವಲು ಗೋಪುರವಾದ ಚೌಬಾರಾ ಸಮೀಪದ ಸಣ್ಣ ಅಂಗಡಿಯೊಂದರಲ್ಲಿ, ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸುವ ಬಿದರಿ ಕಲೆಯ ಅಂಗೈ ಅಗಲದ ಡಬ್ಬಿಯನ್ನು ಮಾಡಿಸಿದೆ.

ಇದಕ್ಕೂ ಮುಂಚೆ ಬೇರೊಂದು ಕಡೆ ಕೊಂಡಿದ್ದ ಹೂದಾನಿಯ ಬೆಳ್ಳಿ ತಂತಿ ವರ್ಷದೊಳಗೆ ಎದ್ದುಬಂದಿತ್ತು. ಆದ್ದರಿಂದ ಈ ಸಲ ಸಿದ್ಧವಸ್ತು ಕೊಳ್ಳದೆ, ಎದುರಿಗೆ ಕುಳಿತು ಕೆಲಸ ನೋಡಿದೆ. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದ ಡಬ್ಬಿಯನ್ನು ಉಜ್ಜಿ ನುಣುಪು ಮಾಡಿ, ಗೆರೆ ಕಾಣಲೆಂದು ಮೈಲುತುತ್ತದ ನೀರು ಸವರಿ ಕಪ್ಪಾಗಿಸುತ್ತಾರೆ. ಅದರ ಮೇಲೆ ಕಿರಿಯ ಕುಶಲಕರ್ಮಿ ಮೊನೆಯಿಂದ ಬಳ್ಳಿಯೊಂದನ್ನು ಗೀರಿದ. ಪಕ್ಕದಲ್ಲಿ ತಂತಿ ಕೂರಿಸುತ್ತಿದ್ದ ಹಿರಿಯರು ಸುತ್ತಿಗೆ ಕೆಳಗಿಟ್ಟು, ಡಬ್ಬಿಯನ್ನು ಬೆಳಕಿಗೆ ಹಿಡಿದು, "ಈ ಮೂಲ್ಯಾಗ ಬಳ್ಳಿ ಭಾಳ ಒತ್ತಾಗ್ಯದ, ಎರಡು ಎಲಿ ತಗಿ" ಎಂದರು. ಆತ ಮುನಿಸಿಲ್ಲದೆ ಗೀರು ಅಳಿಸಿ ಮತ್ತೆ ಬರೆದ. ಉಳಿ ಬಿದ್ದ ಮೇಲೆ ಲೋಹವನ್ನು ತಿದ್ದಲಾಗದು. ಆ ಮಾತಿಗೆ ಇದ್ದದ್ದು ಅದೊಂದೇ ಗಳಿಗೆ, ಮತ್ತು ಅದನ್ನು ಹೇಳುವ ಸಲಿಗೆ ಇಬ್ಬರ ನಡುವೆ ಇತ್ತು. ಈ ಅಂಗಡಿಯ ನಿಜವಾದ ಗುಣ ಅದೇ ಎಂದು ನಾನು ಭಾವಿಸುತ್ತೇನೆ.

ಮುಚ್ಚಳದ ನಡುವೆ ಅಗಲವಾದ ಬೆಳ್ಳಿ ತಾವರೆ ಬೇಕೆಂದಾಗ ಮಾಲೀಕರು, "ತಗಡಿನ ಕೆಲಸ ಬಾಜೂ ಅಂಗಡಿಯವರ ಕೈಯಾಗ ಛಲೋ ಬರ್ತದ್ರೀ, ಅದಷ್ಟು ಅವರ ಕಡಿಂದ ಮಾಡಸ್ತೀವಿ" ಎಂದು ಹೇಳಿ ಹಾಗೆಯೇ ಮಾಡಿಸಿದರು. ಅದಕ್ಕೆಂದು ದರ ಏರಿಸಲಿಲ್ಲ. 2023ರಲ್ಲಿ ಬೀದರಿನ ಬಿದರಿ ಕುಶಲಕರ್ಮಿ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದದ್ದನ್ನೂ ಅವರು ತಮ್ಮ ಮನೆಗೇ ಬಂದಷ್ಟು ಹೆಮ್ಮೆಯಿಂದ ನೆನೆದರು.

ಕೊನೆಯಲ್ಲಿ ಬೀದರ್ ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಬಿಸಿ ದ್ರಾವಣದಲ್ಲಿ ಅದ್ದಿದಾಗ ಲೋಹ ಗಾಢವಾಗಿ ಕಪ್ಪಾಗಿ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯಿತು. ಎಣ್ಣೆ ಸವರಿದ ಆ ಕಪ್ಪಿನ ಮೇಲೆ ಬಳ್ಳಿ ಈಗ ಉಸಿರಾಡುವಷ್ಟು ಜಾಗ ಬಿಟ್ಟುಕೊಂಡು ಹಬ್ಬಿದೆ. ಬೆರಳಾಡಿಸಿದರೆ ತಂತಿ ಎಲ್ಲಿಯೂ ತಡೆಯುವುದಿಲ್ಲ.

ಕೊರತೆಗಳೂ ಇವೆ. ಹದಿನೈದು ದಿನವೆಂದದ್ದು ಇಪ್ಪತ್ತಾರಾಯಿತು. ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಟ್ಟದ್ದರಿಂದ ಕಲಬುರಗಿಯವರೆಗೆ ಮಡಿಲಲ್ಲಿಟ್ಟುಕೊಂಡೇ ಬರಬೇಕಾಯಿತು. 4,200 ರೂಪಾಯಿ ಕೊಟ್ಟವರಿಗೆ ಗಟ್ಟಿಯಾದ ರಟ್ಟಿನ ಪೆಟ್ಟಿಗೆಯನ್ನಾದರೂ ಕೊಡಬೇಕು. ಮದುವೆ, ಸಮಾರಂಭಗಳಿಗೆ ಬೇಕಾದವರು ಒಂದು ತಿಂಗಳು ಮೊದಲೇ ಹೇಳುವುದು ಒಳ್ಳೆಯದು.

ಗೆಳತಿ ಡಬ್ಬಿಯನ್ನು ಬಹಳ ಹೊತ್ತು ತಿರುಗಿಸಿ ನೋಡಿ, ಎಲೆ ತೆಗೆಸಿದ ಆ ಮೂಲೆಯ ಮೇಲೆಯೇ ಬೆರಳಿಟ್ಟು, "ಇಲ್ಲಿ ಖಾಲಿ ಬಿಟ್ಟಾರಲ್ಲ, ಅದೇ ಚಂದ" ಎಂದಳು.