ಕಡುನೀಲಿ ಜೆರ್ಸಿ, ಸಂಖ್ಯೆ 6: ದಾವಣಗೆರೆಯ ಅಂಗಡಿಯೊಂದರ ಕೆಲಸ

ಸ್ಪೇನಿನ ಫುಟ್‌ಬಾಲ್ ಮಿಡ್‌ಫೀಲ್ಡರ್ ಆಂದ್ರೆಸ್ ಇನಿಯೆಸ್ತಾ 2024ರ ಅಕ್ಟೋಬರ್‌ನಲ್ಲಿ ಆಟಕ್ಕೆ ವಿದಾಯ ಹೇಳಿದಾಗಿನಿಂದ ಅವರ ಹೆಸರಿನ ಜೆರ್ಸಿಯೊಂದು ನನ್ನಲ್ಲಿರಬೇಕೆಂಬ ಆಸೆಯಿತ್ತು. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿರುವ ಕ್ರೀಡಾ ಸಾಮಗ್ರಿಗಳ ಅಂಗಡಿಯೊಂದು, ಮೊದಲು ತಪ್ಪಿದರೂ ತಿದ್ದಿಕೊಂಡು, ಅದನ್ನು ಚೆನ್ನಾಗಿಯೇ ಈಡೇರಿಸಿತು. ಬಟ್ಟೆ, ಮುದ್ರಣ ಎಲ್ಲ ಸೇರಿ 550 ರೂಪಾಯಿ ಆಯಿತು.

ಮೊದಲ ಸಲ ಕೈಗೆ ಬಂದದ್ದು ಕೆಂಪು ಜೆರ್ಸಿ, ಬೆನ್ನಿನ ಮೇಲೆ 8. ‘ಅವರದ್ದು ಎಂಟೇ ಅಲ್ವಾ ಸರ್?’ ಎಂದು ಮಾಲೀಕರು ಕೇಳಿದ್ದರಲ್ಲಿ ಅರ್ಧ ಸತ್ಯವಿತ್ತು. ಹನ್ನೆರಡನೆಯ ವಯಸ್ಸಿಗೇ ಫುವೆಂತಿಯಲ್ಬಿಯ ಎಂಬ ತಮ್ಮ ಪುಟ್ಟ ಊರನ್ನು ಬಿಟ್ಟು ಬಾರ್ಸಿಲೋನಾ ಕ್ಲಬ್ಬಿನ ತರಬೇತಿ ಶಾಲೆಗೆ ಸೇರಿ, ಮುಂದೆ ಅದೇ ಕ್ಲಬ್ಬಿಗಾಗಿ 674 ಪಂದ್ಯಗಳನ್ನಾಡಿ, 9 ಸಲ ಸ್ಪೇನಿನ ಲೀಗ್ ಆದ ಲಾ ಲಿಗಾವನ್ನೂ 4 ಸಲ ಯುರೋಪಿನ ಕ್ಲಬ್ಬುಗಳ ಚಾಂಪಿಯನ್ಸ್ ಲೀಗನ್ನೂ ಗೆದ್ದ ಇನಿಯೆಸ್ತಾ ಅಲ್ಲಿ ಬಹುಕಾಲ ತೊಟ್ಟದ್ದು 8ನ್ನೇ. ಆದರೆ 2010ರ ಜುಲೈ 11ರಂದು ಜೊಹಾನ್ಸ್‌ಬರ್ಗ್‌ನಲ್ಲಿ, ನೆದರ್ಲೆಂಡ್ಸ್ ವಿರುದ್ಧದ ಫೈನಲ್‌ನ 116ನೇ ನಿಮಿಷದಲ್ಲಿ ಸ್ಪೇನಿಗೆ ಮೊತ್ತಮೊದಲ ವಿಶ್ವಕಪ್ ತಂದ ಗೋಲನ್ನು ಹೊಡೆದಾಗ ಅವರು ತೊಟ್ಟಿದ್ದುದು ಕಡುನೀಲಿ ಜೆರ್ಸಿ, ಸಂಖ್ಯೆ 6. ನನಗೆ ಬೇಕಿದ್ದುದು ಅದೇ. ಮೊಬೈಲ್‌ನಲ್ಲಿ ಚಿತ್ರ ತೋರಿಸಿದ ಮೇಲೆ ಮಾಲೀಕರು ಒಂದು ಮಾತೂ ಆಡದೆ, ಹೆಚ್ಚಿನ ದುಡ್ಡನ್ನೂ ಕೇಳದೆ, ಮೂರು ದಿನದಲ್ಲಿ ಹೊಸದನ್ನೇ ಮಾಡಿಕೊಟ್ಟರು.

ಜೊತೆಗೆ ಬಿಳಿ ಬನಿಯನ್ನೊಂದನ್ನೂ ಬರೆಸಿಕೊಂಡೆ. ಗೋಲು ಹೊಡೆದೊಡನೆ ಇನಿಯೆಸ್ತಾ ಜೆರ್ಸಿ ಕಳಚಿದಾಗ ಒಳಗಿನ ಬನಿಯನ್ನಿನ ಮೇಲೆ ‘ದಾನಿ ಹಾರ್ಕೆ ಸದಾ ನಮ್ಮೊಂದಿಗೆ’ ಎಂಬ ಅರ್ಥದ ಸ್ಪ್ಯಾನಿಷ್ ಬರಹವಿತ್ತು. ಹಾರ್ಕೆ ಅವರು ಬಾರ್ಸಿಲೋನಾದ ಎದುರಾಳಿಯಾದ ಎಸ್ಪಾನ್ಯೋಲ್ ಕ್ಲಬ್ಬಿನ ನಾಯಕ. 2009ರಲ್ಲಿ 26ನೇ ವಯಸ್ಸಿಗೇ ತೀರಿಕೊಂಡವರು. ಬದುಕಿನ ಅತಿ ದೊಡ್ಡ ಗಳಿಗೆಯಲ್ಲಿ ಅಗಲಿದ ಗೆಳೆಯನನ್ನು ನೆನೆದ ಆ ಒಂದು ಸಾಲಿಗಾಗಿ ಎಸ್ಪಾನ್ಯೋಲ್ ಅಭಿಮಾನಿಗಳು ತಮ್ಮ ಕ್ರೀಡಾಂಗಣದಲ್ಲಿ ಅವರಿಗೆ ಎದ್ದುನಿಂತು ಚಪ್ಪಾಳೆ ತಟ್ಟಿದರು. 2015ರಲ್ಲಿ ಇನ್ನೊಂದು ಎದುರಾಳಿ ಕ್ಲಬ್ಬಾದ ರಿಯಲ್ ಮ್ಯಾಡ್ರಿಡ್‌ನ ಬೆರ್ನಬ್ಯೂ ಕ್ರೀಡಾಂಗಣದಲ್ಲಿ ಬಾರ್ಸಿಲೋನಾ 4-0 ಗೋಲುಗಳಿಂದ ಗೆದ್ದ ದಿನ ಸೋತವರ ಕಡೆಯವರೂ ಅವರನ್ನು ಹಾಗೆಯೇ ಗೌರವಿಸಿದರು. ಎದುರಾಳಿಗಳ ಮನೆಯಲ್ಲಿ ಸಿಕ್ಕ ಆ ಚಪ್ಪಾಳೆಯನ್ನು ನಾನು ಪದಕಗಳಿಗಿಂತ ಮೇಲೆಂದು ಎಣಿಸುತ್ತೇನೆ. ಅಂಗಡಿಯ ಹುಡುಗ ಯಂತ್ರದಲ್ಲಿ ಮುದ್ರಿಸಲು ಹೊರಟಿದ್ದ. ಈ ಕತೆಯನ್ನೆಲ್ಲ ಕೇಳಿದ ಮೇಲೆ ಯಂತ್ರವನ್ನು ಬಿಟ್ಟು, ನೀಲಿ ಮಾರ್ಕರ್ ಹಿಡಿದು, ಚಿತ್ರ ನೋಡುತ್ತಾ ಒಂದೊಂದೇ ಅಕ್ಷರವನ್ನು ಕೈಯಲ್ಲೇ ಬರೆದ.

ಬಟ್ಟೆ ತೆಳುವಾದ ಪಾಲಿಯೆಸ್ಟರ್ ಆದ್ದರಿಂದ ದಾವಣಗೆರೆಯ ಬಿಸಿಲಿಗೂ ಹಿತವಾಗಿದೆ. ಆದರೆ ನಾಲ್ಕು ಒಗೆತಕ್ಕೇ 6ರ ಕೆಳಅಂಚು ಸ್ವಲ್ಪ ಏಳತೊಡಗಿದೆ. ತಿರುವಿ ಹಾಕಿ ತಣ್ಣೀರಿನಲ್ಲಿ ಒಗೆಯಬೇಕೆಂದು ಅವರು ಮೊದಲೇ ಹೇಳಬೇಕಿತ್ತು. ಅಲ್ಲಿ ಮೆಸ್ಸಿಯ 10, ರೊನಾಲ್ಡೊ ಅವರ 7 ಸಿದ್ಧವಾಗಿಯೇ ತೂಗುತ್ತಿರುತ್ತವೆ. ಇನಿಯೆಸ್ತಾ ಬೇಕೆನ್ನುವವರು ಹೆಸರಿನ ಅಕ್ಷರಗಳನ್ನು ಚೀಟಿಯಲ್ಲಿ ಬರೆದುಕೊಂಡು, ಸಂಖ್ಯೆಯನ್ನೂ ಬಣ್ಣವನ್ನೂ ಸ್ಪಷ್ಟವಾಗಿ ನಮೂದಿಸಿ ಕೊಡುವುದು ಒಳ್ಳೆಯದು.